ಪುಣೆಯಲ್ಲಿ ಮಾಲಿ ಕೆಲಸ ಮಾಡುವಾಗ ಪೆಟ್ಟಾದರೆ ಏನು ಮಾಡಬೇಕು

ವಾಕಡ್, ಹಿಂಜೆವಾಡಿ, ಬಾಣೇರ್, ಖರಾಡಿ ಕಡೆಯ ದೊಡ್ಡ ಸೊಸೈಟಿಗಳಲ್ಲಿ ಲಾನ್, ಗಿಡ ನೋಡಿಕೊಳ್ಳುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ, ಬೀದರ್ ಕಡೆಯವರು ಬೇಕಾದಷ್ಟು ಜನ ಇದ್ದಾರೆ. ಊರಲ್ಲಿ ತೊಗರಿ, ಜೋಳ ಬೆಳೆದವರಿಗೆ ಮಣ್ಣಿನ ಕೆಲಸ ಯಾರೂ ಕಲಿಸಬೇಕಿಲ್ಲ. ಆದರೆ ಬ್ರಷ್ ಕಟರ್, ಹೆಡ್ಜ್ ಟ್ರಿಮ್ಮರ್, ಕಾಂಪೌಂಡ್ ಪಕ್ಕದ ಕರೆಂಟ್ ತಂತಿ, ಲೇಬಲ್ ಕಿತ್ತುಹೋದ ಔಷಧಿ ಕ್ಯಾನ್, ಇವನ್ನೆಲ್ಲ ಮೊದಲ ದಿನವೇ ಕೈಗೆ ಕೊಟ್ಟು ಕೆಲಸಕ್ಕೆ ಬಿಡುತ್ತಾರೆ. ಪೆಟ್ಟಾದ ದಿನ ಕಾಂಟ್ರಾಕ್ಟರ್ ಬಾಯಿಂದ ಬರುವ ಮಾತು ಸಾಮಾನ್ಯವಾಗಿ ಒಂದೇ. "ಮನೇಲಿ ಬಿದ್ದೆ ಅಂತ ಹೇಳು, ಖರ್ಚು ನಾನು ನೋಡ್ಕೋತೀನಿ." ಈ ಮಾತಿಗೆ ಹೂಂ ಅಂದವರು ಆಮೇಲೆ ಲಕ್ಷಗಟ್ಟಲೆ ಪರಿಹಾರ ಕಳೆದುಕೊಂಡಿದ್ದಾರೆ.

ಮೊದಲ ಎರಡು ದಿನದಲ್ಲಿ ಯಾವ ಕಾಗದದಲ್ಲಿ ಏನು ಬರೆಯಲಾಯಿತು ಅನ್ನುವುದರ ಮೇಲೆ ಮುಂದಿನ ಎಲ್ಲವೂ ನಿಂತಿರುತ್ತದೆ. ವಕೀಲರು, ಕೋರ್ಟು ಎಲ್ಲ ಆಮೇಲಿನ ಮಾತು. ಹಾಗಾಗಿ ಈ ಲೇಖನದಲ್ಲಿ ಆ ಎರಡು ದಿನಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲು ಜೀವ

ಎತ್ತರದಿಂದ ಬಿದ್ದವರನ್ನು ಕೈಕಾಲು ಹಿಡಿದು ಎತ್ತಬೇಡಿ. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ನೀವು ಎತ್ತುವಾಗಲೇ ಇನ್ನಷ್ಟು ಹಾಳಾಗಬಹುದು. 108ಕ್ಕೆ ಫೋನ್ ಮಾಡಿ, ಬರುವವರೆಗೂ ಅಲುಗಾಡಿಸದೆ ಮಲಗಿಸಿ. ಕರೆಂಟ್ ಹೊಡೆದಿದ್ದರೆ ಮೇನ್ ಆಫ್ ಆಗುವ ತನಕ ಮುಟ್ಟಲೇಬೇಡಿ.

ಬ್ರಷ್ ಕಟರ್ ಹೊಡೆದ ಕಲ್ಲು ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ಒಳಗೆ ಚೂರು ಸಿಕ್ಕಿಕೊಂಡಿದ್ದರೆ ಕೀಳಬೇಡಿ, ಒತ್ತದ ಹಾಗೆ ಮುಚ್ಚಿಕೊಂಡು ನೇರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಔಷಧಿ ಸಿಡಿದಿದ್ದರೆ ಮಾತ್ರ ಶುದ್ಧ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಬಿಡದೆ ತೊಳೆಯಬೇಕು. ಬೆರಳು ತುಂಡಾಗಿದ್ದರೆ ಆ ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಐಸ್ ಮೇಲಿಟ್ಟು ಒಯ್ಯಿರಿ. ಬೆರಳಿಗೆ ನೇರವಾಗಿ ಐಸ್ ತಾಗಬಾರದು.

ಕೀಟನಾಶಕದ ವಿಷ ಏರಿದ್ದರೆ ಬಟ್ಟೆ ತೆಗೆದು ಮೈಯನ್ನು ಸೋಪು ಹಾಕಿ ತೊಳೆಯಿರಿ, ವಾಂತಿ ಮಾಡಿಸಲು ಹೋಗಬೇಡಿ, ಔಷಧಿ ಡಬ್ಬಿಯನ್ನು ಆಸ್ಪತ್ರೆಗೆ ಜೊತೆಯಲ್ಲೇ ತೆಗೆದುಕೊಂಡು ಹೋಗಿ. ಯಾವ ವಿಷ ಅಂತ ತಿಳಿಯದೆ ಡಾಕ್ಟರು ಸರಿಯಾದ ಚಿಕಿತ್ಸೆ ಕೊಡುವುದು ಕಷ್ಟ. ಡಬ್ಬಿ ಇಲ್ಲದಿದ್ದರೆ ಲೇಬಲ್ ಫೋಟೋ ಆದರೂ ಬೇಕು.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಮೂರೂ ಬೇಡ. ಕಚ್ಚಿದ ಕೈಯೋ ಕಾಲೋ ಅಲುಗದಂತೆ ಇಟ್ಟು, ಎಷ್ಟು ಗಂಟೆಗೆ ಕಚ್ಚಿತು ಅಂತ ನೆನಪಿಟ್ಟುಕೊಂಡು, ವಿಷಕ್ಕೆ ಮದ್ದು ಇರುವ ದೊಡ್ಡ ಆಸ್ಪತ್ರೆಗೆ ಹೋಗಿ. ಪುಣೆಯಲ್ಲಾದರೆ ಸಸೂನ್ ಇದೆ. ತೋಟದ ಕೆಲಸದಲ್ಲಿ ಹಾವು ಕಚ್ಚುವುದು, ಜೇನು ಹುಳ ಮುತ್ತುವುದು ಕೂಡ ಕೆಲಸದ ಅಪಘಾತವೇ. "ಅದು ದೇವರ ಇಚ್ಛೆ, ನಾನೇನು ಮಾಡಲಿ" ಅನ್ನುವ ಕಾಂಟ್ರಾಕ್ಟರ್ ಮಾತಿಗೆ ಕಾನೂನಿನಲ್ಲಿ ಬೆಲೆ ಇಲ್ಲ.

ಪೊಲೀಸ್ ಕೇಸ್ ಆಗುತ್ತೆ ಅಂತ ಖಾಸಗಿ ಆಸ್ಪತ್ರೆಯವರು ಬಾಗಿಲಲ್ಲೇ ವಾಪಸ್ ಕಳಿಸುವ ಹಾಗಿಲ್ಲ. ತುರ್ತು ಚಿಕಿತ್ಸೆ ಮೊದಲು, ಕಾಗದ ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿಬಿಟ್ಟಿದೆ.

ಕೇಸ್ ಪೇಪರಿನಲ್ಲಿ ಆ ಒಂದು ಸಾಲು

ಡಾಕ್ಟರು ಕೇಳುವ ಮೊದಲ ಪ್ರಶ್ನೆ, ಹೇಗಾಯಿತು? ನೀವು ಹೇಳಿದ್ದನ್ನು ಆಸ್ಪತ್ರೆಯ ಕೇಸ್ ಪೇಪರಿನಲ್ಲಿ ಬರೆಯುತ್ತಾರೆ. ಇಲ್ಲಿ ನಿಜ ಹೇಳಿ. ಎಲ್ಲಿ, ಯಾವ ಕೆಲಸ ಮಾಡುವಾಗ, ಎಷ್ಟು ಗಂಟೆಗೆ, ಯಾರ ಕೆಲಸ. ಮರಾಠಿ ಬಾರದಿದ್ದರೆ ಇಷ್ಟು ಸಾಕು: "ಕಾಮಾವರ್ ಅಸ್ತಾನಾ ಲಾಗಲಂ." ಹಿಂದಿಯಲ್ಲಾದರೆ "ಕಾಮ್ ಕರ್ತೇ ಸಮಯ್ ಚೋಟ್ ಲಗೀ." ಆಮೇಲೆ ಸೊಸೈಟಿ ಹೆಸರು, ಕಾಂಟ್ರಾಕ್ಟರ್ ಹೆಸರು ಹೇಳಿ, ಅದನ್ನೂ ಬರೆಯಿರಿ ಅಂತ ಕೇಳಿಕೊಳ್ಳಿ. ಮಾತಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಜೊತೆಗೆ ಬಂದವರು ಹೇಳಬೇಕು. ಆ ಜೊತೆಗಾರ ಕಾಂಟ್ರಾಕ್ಟರ್ ಕಡೆಯ ಸೂಪರ್‌ವೈಸರ್ ಒಬ್ಬನೇ ಆಗಿದ್ದರೆ ಅನುಮಾನ ಇಟ್ಟುಕೊಳ್ಳಿ. ಊರಿನವರು ಯಾರಾದರೂ ಜೊತೆಗಿರಲಿ.

ದೊಡ್ಡ ಪೆಟ್ಟಾದಾಗ ಸರ್ಕಾರಿ ಆಸ್ಪತ್ರೆಯಲ್ಲಿ ಎಮ್‌ಎಲ್‌ಸಿ (ಮೆಡಿಕೋ ಲೀಗಲ್ ಕೇಸ್) ಅಂತ ದಾಖಲೆ ಮಾಡುತ್ತಾರೆ. ಪೊಲೀಸರಿಗೆ ಮಾಹಿತಿ ಹೋಗುತ್ತದೆ, ಅವರು ಬಂದು ಹೇಳಿಕೆ ಬರೆದುಕೊಳ್ಳುತ್ತಾರೆ. ಹೆದರಬೇಡಿ, ಇದು ನಿಮ್ಮ ಮೇಲಿನ ಕೇಸ್ ಅಲ್ಲ. ಎಮ್‌ಎಲ್‌ಸಿ ನಂಬರ್ ಬರೆದಿಟ್ಟುಕೊಳ್ಳಿ. ಪೊಲೀಸರು ಎಫ್‌ಐಆರ್ ಮಾಡಲಿ, ಬಿಡಲಿ, ಪರಿಹಾರದ ಹಕ್ಕು ಅದರ ಮೇಲೆ ನಿಂತಿಲ್ಲ. ಎರಡೂ ಬೇರೆ ಬೇರೆ ದಾರಿ.

ಕಾಂಟ್ರಾಕ್ಟರ್ ಯಾಕೆ ಇಷ್ಟು ಹೆದರುತ್ತಾನೆ ಅಂತ ನಿಮಗೆ ಅನಿಸಬಹುದು. ಹಣ ಒಂದು ಕಾರಣ. ಇನ್ನೊಂದು ಕಾರಣ ಮರ ಕಡಿಯುವ ಕೆಲಸದಲ್ಲಿ ಇರುತ್ತದೆ. ಮಹಾರಾಷ್ಟ್ರದ ನಗರಗಳಲ್ಲಿ ಮರ ಕಡಿಯಲು 1975ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಪಾಲಿಕೆಯ ಒಪ್ಪಿಗೆ ಬೇಕು. ಮಳೆಗಾಲಕ್ಕೆ ಮುಂಚೆ ಗುಲ್‌ಮೊಹರ್, ರೇನ್ ಟ್ರೀ ಮೇಲೆ ಹತ್ತಿಸಿ ಅವಸರದಲ್ಲಿ ಕಡಿಸುವಾಗ ಆ ಒಪ್ಪಿಗೆ ಎಷ್ಟೋ ಸಲ ಇರುವುದಿಲ್ಲ. ಅಪಘಾತ ಹೊರಗೆ ಬಂದರೆ ಅದೂ ಹೊರಗೆ ಬರುತ್ತದೆ. ಒಪ್ಪಿಗೆ ತೆಗೆದುಕೊಳ್ಳದೆ ಇದ್ದದ್ದು ಅವರ ತಪ್ಪು. ಅದರಿಂದ ನಿಮ್ಮ ಪರಿಹಾರ ಕಮ್ಮಿ ಆಗುವುದಿಲ್ಲ.

ಫೋನಿನಲ್ಲೇ ಸಾಕ್ಷಿ ಇದೆ

"ಇವನು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ." ಆಸ್ಪತ್ರೆ ಬಿಲ್ ಬೆಳೆದ ಮೇಲೆ ಬರುವ ಮಾತು ಇದು. ಅಪಾಯಿಂಟ್‌ಮೆಂಟ್ ಲೆಟರ್ ಯಾವ ಮಾಲಿಗೂ ಕೊಟ್ಟಿರುವುದಿಲ್ಲ. ಪರವಾಗಿಲ್ಲ.

ಸೊಸೈಟಿ ಗೇಟಿನಲ್ಲಿ ಮೈಗೇಟ್ ಅಥವಾ ನೋಬ್ರೋಕರ್‌ಹುಡ್ ಥರದ ಆಪ್ ಇದ್ದರೆ ನೀವು ಒಳಗೆ ಹೋದ, ಹೊರಗೆ ಬಂದ ಹೊತ್ತು ಅದರಲ್ಲಿ ಇರುತ್ತದೆ. ಆಪ್ ಇಲ್ಲದ ಕಡೆ ವಾಚ್‌ಮನ್ ರಿಜಿಸ್ಟರ್. ಆ ಪುಟದ ಫೋಟೋ ಅದೇ ದಿನ ತೆಗೆಸಿ. ಗೇಟಿನ ವಾಚ್‌ಮನ್ ನಿಮ್ಮ ಪರ ಮಾತಾಡದಿದ್ದರೂ ಪುಟ ಮಾತಾಡುತ್ತದೆ. ಫೋನ್‌ಪೇ, ಗೂಗಲ್‌ಪೇಯಲ್ಲಿ ಬಂದ ಸಂಬಳದ ಸ್ಕ್ರೀನ್‌ಶಾಟ್, ಬ್ಯಾಂಕ್ ಪಾಸ್‌ಬುಕ್ ಎಂಟ್ರಿ, "ನಾಳೆ ಬಿ ವಿಂಗ್ ಲಾನ್" ಅಂತ ಸೂಪರ್‌ವೈಸರ್ ಕಳಿಸಿದ ವಾಟ್ಸಾಪ್ ವಾಯ್ಸ್ ಮೆಸೇಜ್, ಕಾಂಟ್ರಾಕ್ಟರ್ ಹೆಸರಿರುವ ಟೀ ಶರ್ಟ್ ಹಾಕಿ ತೆಗೆದ ಗ್ರೂಪ್ ಫೋಟೋ, ಎಲ್ಲವೂ ಸಾಕ್ಷಿಯೇ. ಇವನ್ನು ಇನ್ನೊಬ್ಬರ ಫೋನಿಗೂ ಕಳಿಸಿಡಿ, ಫೋನ್ ಕಳೆದುಹೋದರೆ ಎಲ್ಲ ಹೋಯಿತು.

ಸಿಸಿಟಿವಿ ಬಗ್ಗೆ ಅವಸರ ಮಾಡಿ. ಹಳೆಯ ರೆಕಾರ್ಡಿಂಗ್ ತಾನಾಗಿಯೇ ಅಳಿಸಿ ಹೊಸದು ತುಂಬಿಕೊಳ್ಳುತ್ತದೆ. "ಇಂಥ ದಿನ, ಇಂಥ ಹೊತ್ತಿನ ರೆಕಾರ್ಡಿಂಗ್ ಉಳಿಸಿಡಿ" ಅಂತ ಸೊಸೈಟಿ ಸೆಕ್ರೆಟರಿಗೆ ವಾಟ್ಸಾಪ್ ಹಾಕಿ, ಸಾಧ್ಯವಾದರೆ ಈಮೇಲ್ ಕೂಡ. ಏಣಿ, ಹಗ್ಗ, ಗಾರ್ಡ್ ಇಲ್ಲದ ಯಂತ್ರ, ಮುರಿದ ಕೊಂಬೆ, ಬಿದ್ದ ಜಾಗ, ಎಲ್ಲದರ ಫೋಟೋ ತೆಗೆಸಿ. ಮರುದಿನ ಬೆಳಿಗ್ಗೆ ಹೋದರೆ ಹೊಸ ಏಣಿ ನಿಂತಿರುತ್ತದೆ.

ಜೊತೆಗೆ ಕೆಲಸ ಮಾಡುತ್ತಿದ್ದ ಇಬ್ಬರ ಹೆಸರು, ನಂಬರ್, ಊರಿನ ವಿಳಾಸ ಬರೆದಿಡಿ. ಊರಿನ ವಿಳಾಸ ಯಾಕೆಂದರೆ ಆರು ತಿಂಗಳಲ್ಲಿ ಅವರು ಕಾಂಟ್ರಾಕ್ಟರ್ ಬದಲಿಸಿ ಗೋವಾಕ್ಕೋ ಮುಂಬೈಗೋ ಹೋಗಿರುತ್ತಾರೆ.

ಹೆಂಗಸರ ವಿಷಯದಲ್ಲಿ ಒಂದು ಮಾತು. ಕಳೆ ತೆಗೆಯುವ, ಕುಂಡಗಳಿಗೆ ನೀರು ಹಾಕುವ ಕೆಲಸದಲ್ಲಿ ಗಂಡ ಹೆಂಡತಿಯನ್ನು ಜೋಡಿ ಅಂತ ಸೇರಿಸಿಕೊಂಡು ದುಡ್ಡನ್ನು ಗಂಡನ ಕೈಗೇ ಕೊಡುತ್ತಾರೆ. ಪೆಟ್ಟಾದದ್ದು ಹೆಂಡತಿಗೆ ಅಂದಾಗ ಅವಳ ಹೆಸರು ಎಲ್ಲೂ ಇರುವುದಿಲ್ಲ. ಅವಳ ಹಾಜರಿ ಅವಳ ಹೆಸರಲ್ಲೇ ಇರಲಿ, ಸಂಬಳ ಅವಳ ಖಾತೆಗೇ ಬರಲಿ. ಇದನ್ನು ಕೆಲಸಕ್ಕೆ ಸೇರುವ ದಿನವೇ ಕೇಳಬೇಕು.

ಇಎಸ್‌ಐ ಇದೆಯಾ? ಇದನ್ನು ಮೊದಲು ನೋಡಿ

ಹತ್ತು ಅಥವಾ ಹೆಚ್ಚು ಜನ ಕೆಲಸಕ್ಕಿರುವ ಸಂಸ್ಥೆ, ತಿಂಗಳ ಸಂಬಳ 21,000 ರೂಪಾಯಿ ಒಳಗೆ. ಇಂಥವರಿಗೆ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಮಾಡಿಸಬೇಕು. ಸಂಬಳದ ಶೇ 0.75 ನಿಮ್ಮಿಂದ, ಶೇ 3.25 ಮಾಲೀಕರಿಂದ. ನಾಲ್ಕೈದು ಸೊಸೈಟಿಗಳ ಗುತ್ತಿಗೆ ಹಿಡಿದ ಲ್ಯಾಂಡ್‌ಸ್ಕೇಪಿಂಗ್ ಕಾಂಟ್ರಾಕ್ಟರ್ ಹತ್ತಿರ ಹತ್ತಕ್ಕಿಂತ ಜಾಸ್ತಿ ಜನ ಇದ್ದೇ ಇರುತ್ತಾರೆ, ಅಲ್ವಾ?

ನಿಮ್ಮ ಹೆಸರಲ್ಲಿ ಇನ್ಶೂರೆನ್ಸ್ ನಂಬರ್ ಇದೆಯಾ ಅಂತ ಕಾಂಟ್ರಾಕ್ಟರನ್ನು ಕೇಳಿ, ಇ-ಪೆಹಚಾನ್ ಕಾರ್ಡ್ (ಇಎಸ್‌ಐ ಗುರುತಿನ ಕಾರ್ಡ್) ಪ್ರಿಂಟ್ ತೆಗೆದುಕೊಳ್ಳಿ. ಸಂಬಳದಲ್ಲಿ ಇಎಸ್‌ಐ ಅಂತ ಕಡಿತ ಮಾಡುತ್ತಿದ್ದರೂ ಕಟ್ಟಿರುತ್ತಾರೆ ಅಂತ ನಂಬಬೇಡಿ. ಸರ್ಕಾರದ ಉಮಂಗ್ ಆಪ್‌ನಲ್ಲಿ ನೋಡಿ. ಅಪಘಾತ ಆದ ಮೇಲೆ ಅವಸರದಲ್ಲಿ ನೋಂದಣಿ ಮಾಡಿಸುವವರೂ ಇದ್ದಾರೆ, ಹಾಗಾಗಿ ಕಾರ್ಡಿನ ಮೇಲಿನ ನೋಂದಣಿ ತಾರೀಕನ್ನು ಗಮನಿಸಿ.

ಇಎಸ್‌ಐ ಇದ್ದರೆ ಚಿಕಿತ್ಸೆ ಅವರದೇ ಆಸ್ಪತ್ರೆಯಲ್ಲಿ. ಪುಣೆಯಲ್ಲಿ ಬಿಬವೇವಾಡಿಯದು, ಪಿಂಪ್ರಿ ಚಿಂಚವಡ ಕಡೆಯವರಿಗೆ ಮೋಹನ್ ನಗರದ್ದು. ಮುಂಬೈಯಲ್ಲಿ ಅಂಧೇರಿ, ಕಾಂದಿವಲಿ, ಮುಲುಂಡ್, ವರಳಿ. ತುರ್ತಿನಲ್ಲಿ ಹತ್ತಿರದ ಯಾವುದೇ ಆಸ್ಪತ್ರೆಗೆ ಹೋಗಿ, ಆಮೇಲೆ ಇಎಸ್‌ಐ ಕಚೇರಿಗೆ ತಿಳಿಸಿ. ಮನೆಯಲ್ಲಿ ಮಲಗಿದ್ದಷ್ಟು ದಿನ ಸಂಬಳದ ಸುಮಾರು ಶೇ 90 ಸಿಗುತ್ತದೆ. ಕೆಲಸದ ಅಪಘಾತಕ್ಕೆ ಇಷ್ಟು ತಿಂಗಳು ಕಂತು ಕಟ್ಟಿರಬೇಕು ಅನ್ನುವ ಶರತ್ತು ಇಲ್ಲ. ಅಂಗ ಊನವಾದರೆ ಪ್ರತಿ ತಿಂಗಳು ಹಣ ಬರುತ್ತದೆ. ಸತ್ತರೆ ಹೆಂಡತಿ ಮಕ್ಕಳಿಗೆ ಪಿಂಚಣಿ, ಮಣ್ಣಿನ ಖರ್ಚಿಗೆ 15,000 ರೂ. ಇದಕ್ಕೆಲ್ಲ ಮಾಲೀಕರು ಅಪಘಾತದ ವರದಿ ಅಂದರೆ ಫಾರ್ಮ್ 12 ಕಳಿಸಬೇಕು. ಅವರು ಕಳಿಸದಿದ್ದರೆ ನೀವೇ ಇಎಸ್‌ಐ ಶಾಖಾ ಕಚೇರಿಗೆ ಹೋಗಿ ಬರೆದುಕೊಡಿ.

ಇಎಸ್‌ಐ ಒಳಗೆ ಬಂದವರು ಅದೇ ಪೆಟ್ಟಿಗೆ ಮಾಲೀಕರಿಂದ ಮತ್ತೆ ಪರಿಹಾರ ಕೇಳುವ ಹಾಗಿಲ್ಲ. ಒಂದೇ ದಾರಿ. ಇಎಸ್‌ಐ ಇಲ್ಲದವರು ಮುಂದೆ ಓದಿ.

ಇಎಸ್‌ಐ ಇಲ್ಲದಿದ್ದರೆ

ನೂರು ವರ್ಷದಿಂದ ಇದ್ದದ್ದು 1923ರ ಪರಿಹಾರ ಕಾಯ್ದೆ. 2025ರ ನವೆಂಬರ್ 21ರಿಂದ ಅದರ ಜಾಗದಲ್ಲಿ ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದಿದೆ. ಆ ತಾರೀಕಿಗಿಂತ ಮೊದಲು ಆದ ಅಪಘಾತಕ್ಕೆ ಹಳೆಯದು, ಆಮೇಲಿನದಕ್ಕೆ ಹೊಸದು. ಲೆಕ್ಕ ಹಾಕುವ ರೀತಿ ಎರಡರಲ್ಲೂ ಒಂದೇ. ಹೊಸದರಲ್ಲಿ ಒಂದು ಒಳ್ಳೆಯ ಮಾತು ಸ್ಪಷ್ಟವಾಗಿ ಬಂದಿದೆ. ಮನೆಯಿಂದ ಕೆಲಸಕ್ಕೆ ಹೋಗುವಾಗ, ಕೆಲಸ ಮುಗಿಸಿ ಮನೆಗೆ ಬರುವಾಗ ಆದ ಅಪಘಾತವೂ, ಹೊತ್ತು ಮತ್ತು ಜಾಗ ಕೆಲಸಕ್ಕೆ ತಾಳೆಯಾದರೆ, ಕೆಲಸದ ಅಪಘಾತ ಅಂತಲೇ ಲೆಕ್ಕ. ಹುಲ್ಲಿನ ಮೂಟೆ ಮೇಲೆ ಜನ ಕೂರಿಸಿಕೊಂಡು ಹೋಗುವ ಟೆಂಪೋಗಳನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ದಿನಗೂಲಿಯವರಿಗೂ ಹಕ್ಕಿದೆ. ಕೂಲಿಯವರು ನಿಲ್ಲುವ ನಾಕಾದಿಂದ ಒಂದೇ ದಿನಕ್ಕೆ ಕರೆದುಕೊಂಡು ಹೋಗಿದ್ದರೂ ಇದೆ. ಆದರೆ ಅರ್ಜಿಯಲ್ಲಿ ಸುಮ್ನೆ "ಮಾಲಿ" ಅಂತ ಬರೆದು ಬಿಡಬೇಡಿ. ಕಾಯ್ದೆಯ ಪಟ್ಟಿಯಲ್ಲಿ ಮರ ಕಡಿಯುವುದು, ಭೂಮಿಯ ಬೇಸಾಯ ಮುಂತಾದ ಕೆಲಸಗಳ ಹೆಸರು ಇದೆ. ಹಾಗಾಗಿ ನಿಜವಾಗಿ ಏನು ಮಾಡುತ್ತಿದ್ದಿರಿ ಅನ್ನುವುದನ್ನೇ ಬಿಡಿಸಿ ಬರೆಯಿರಿ: ಏಣಿ ಹತ್ತಿ ಮರ ಕಡಿಯುತ್ತಿದ್ದೆ, ಪೆಟ್ರೋಲ್ ಯಂತ್ರದಿಂದ ಹುಲ್ಲು ಕತ್ತರಿಸುತ್ತಿದ್ದೆ, ಔಷಧಿ ಹೊಡೆಯುತ್ತಿದ್ದೆ, ಹೀಗೆ.

ಗಾಗಲ್ಸ್ ಕೊಟ್ಟಿದ್ದೆ, ಇವನೇ ಹಾಕಲಿಲ್ಲ, ಇವನದೇ ಅಜಾಗ್ರತೆ ಅನ್ನುತ್ತಾರೆ. ಬರೀ ಅಜಾಗ್ರತೆಯಿಂದ ಹಕ್ಕು ಹೋಗುವುದಿಲ್ಲ. ಕುಡಿದಿದ್ದರೆ, ಅಥವಾ ಸ್ಪಷ್ಟವಾಗಿ ಹೇಳಿದ ಸುರಕ್ಷತೆಯ ನಿಯಮವನ್ನು ಬೇಕಂತಲೇ ಮುರಿದಿದ್ದರೆ ಮಾಲೀಕರಿಗೆ ತಪ್ಪಿಸಿಕೊಳ್ಳುವ ದಾರಿ ಇದೆ. ಸಾವು ಅಥವಾ ಪೂರ್ತಿ ಶಾಶ್ವತ ಅಂಗವೈಕಲ್ಯ ಆದಾಗ ಆ ದಾರಿಯೂ ಮುಚ್ಚುತ್ತದೆ.

ಲೆಕ್ಕ ನೀವೇ ಹಾಕಿ

ಇದನ್ನು ಕಲಿತವರಿಗೆ ಮೋಸ ಮಾಡುವುದು ಕಷ್ಟ. ಬೇಕಾದದ್ದು ಮೂರು: ತಿಂಗಳ ಸಂಬಳ, ವಯಸ್ಸು, ಪೆಟ್ಟಿನ ಶೇಕಡಾವಾರು.

ವಯಸ್ಸಿಗೆ ತಕ್ಕ ಒಂದು ಅಂಕಿ ಕಾನೂನಿನಲ್ಲಿ ಕೊಟ್ಟಿದ್ದಾರೆ. 25 ವರ್ಷಕ್ಕೆ 216.91, 30ಕ್ಕೆ 207.98, 35ಕ್ಕೆ 197.06, 40ಕ್ಕೆ 184.17, 50ಕ್ಕೆ 153.09. ಸಾವಿಗೆ ಸಂಬಳದ ಅರ್ಧವನ್ನು ಈ ಅಂಕಿಯಿಂದ ಗುಣಿಸಬೇಕು. ಪೂರ್ತಿ ಶಾಶ್ವತ ಅಂಗವೈಕಲ್ಯಕ್ಕೆ ಸಂಬಳದ ಶೇ 60ನ್ನು ಗುಣಿಸಬೇಕು. ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿಯನ್ನು ಕೇಂದ್ರ ಸರ್ಕಾರ 2020ರ ಜನವರಿಯಲ್ಲಿ 8,000ದಿಂದ 15,000 ರೂಪಾಯಿಗೆ ಏರಿಸಿತು.

35 ವರ್ಷ, 14,000 ರೂ. ಸಂಬಳ ಅಂತ ಇಟ್ಟುಕೊಳ್ಳಿ. ಸತ್ತರೆ 7,000 ಗುಣಿಸು 197.06, ಅಂದರೆ 13,79,420 ರೂ. ಮತ್ತೆಂದೂ ಕೆಲಸ ಮಾಡಲಾಗದ ಹಾಗಾದರೆ 8,400 ಗುಣಿಸು 197.06, ಅಂದರೆ 16,55,304 ರೂ. ಒಂದು ಭಾಗ ಮಾತ್ರ ಊನವಾದರೆ ಈ ಎರಡನೇ ಮೊತ್ತದಲ್ಲಿ ಅಷ್ಟು ಶೇಕಡಾ. ಹೆಬ್ಬೆರಳು ಹೋದರೆ ಶೇ 30, ಅಂದರೆ ಸುಮಾರು 4,96,591 ರೂ. ತೋರುಬೆರಳು ಪೂರ್ತಿ ಹೋದರೆ ಶೇ 14, ಸುಮಾರು 2,31,742 ರೂ. ಒಂದು ಕಣ್ಣಿನ ದೃಷ್ಟಿ ಹೋದರೆ ಶೇ 30, ಕಣ್ಣೇ ತೆಗೆಯಬೇಕಾಗಿ ಬಂದರೆ ಶೇ 40.

ಬೆರಳಿಗೆ 20,000 ಕೊಟ್ಟು ಊರಿಗೆ ಬಸ್ ಹತ್ತಿಸುವವರ ಮುಂದೆ ಈ ಅಂಕಿ ಇಟ್ಟು ನೋಡಿ.

ಬೆನ್ನು, ಮೊಣಕಾಲು, ಭುಜದ ಪೆಟ್ಟು ಕಾನೂನಿನ ಈ ಶೇಕಡಾ ಪಟ್ಟಿಯಲ್ಲಿ ಇರುವುದಿಲ್ಲ. ಅಲ್ಲಿ ಡಾಕ್ಟರು ಎಷ್ಟು ಶೇಕಡಾ ದುಡಿಮೆ ಶಕ್ತಿ ಹೋಗಿದೆ ಅಂತ ಬರೆದುಕೊಡಬೇಕು. ಗಮನಿಸಿ, ಮೈಯಲ್ಲಿ ಎಷ್ಟು ಊನ ಅನ್ನುವುದು ಬೇರೆ, ದುಡಿಮೆ ಎಷ್ಟು ಹೋಯಿತು ಅನ್ನುವುದು ಬೇರೆ. ಹಿಂದೆ ಒಬ್ಬ ಬಡಗಿಯ ಎಡಗೈಯನ್ನು ಮೊಣಕೈಗಿಂತ ಮೇಲೆ ಕತ್ತರಿಸಬೇಕಾಗಿ ಬಂದಿತ್ತು. ಒಂದೇ ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಹಾಗಾಗಿ ಅವನಿಗೆ ನೂರಕ್ಕೆ ನೂರು ನಷ್ಟ ಅಂತ ಸುಪ್ರೀಂ ಕೋರ್ಟ್ 1970ರ ದಶಕದಲ್ಲಿ ಒಪ್ಪಿಕೊಂಡಿತು. ಮಾಲಿಗೂ ಇದೇ ಮಾತು ಹೇಳಬಹುದು. ಮೊಣಕಾಲು ಮಡಚಲು ಬಾರದವನು ಲಾನಿನಲ್ಲಿ ಕೂತು ಕಳೆ ಹೇಗೆ ತೆಗೆಯುತ್ತಾನೆ? ಇದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಅವರು ನಿಮ್ಮ ಕೆಲಸ ನೋಡಿರುವುದಿಲ್ಲ.

ಗುಣವಾಗುವ ಪೆಟ್ಟಾದರೆ ಹದಿನೈದು ದಿನಕ್ಕೊಮ್ಮೆ ಸಂಬಳದ ಕಾಲು ಭಾಗ ಕೊಡಬೇಕು. 14,000ಕ್ಕೆ 3,500, ತಿಂಗಳಿಗೆ 7,000 ಅಂತಾಯಿತು. ಇಎಸ್‌ಐಯಲ್ಲಿ ಇದೇ ಸುಮಾರು 12,600 ಆಗುತ್ತಿತ್ತು. ವ್ಯತ್ಯಾಸ ನೋಡಿ. 28 ದಿನಕ್ಕಿಂತ ಕಡಿಮೆ ಮಲಗಿದ್ದರೆ ಮೊದಲ ಮೂರು ದಿನದ್ದು ಸಿಗುವುದಿಲ್ಲ. ಆಸ್ಪತ್ರೆ ಖರ್ಚು ಪೂರ್ತಿ ಬೇರೆ, ಬಿಲ್ ಪ್ರಕಾರ ಮಾಲೀಕರೇ ಕೊಡಬೇಕು. ಚಿಕಿತ್ಸೆಗೆ ಕೊಟ್ಟ ದುಡ್ಡನ್ನು ಪರಿಹಾರದಲ್ಲಿ ಮುರಿದುಕೊಳ್ಳುವ ಹಾಗಿಲ್ಲ. ಮೆಡಿಕಲ್ ಸ್ಟೋರಿನ ಚೀಟಿಯಿಂದ ಆಟೋ ಖರ್ಚಿನವರೆಗೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಿ.

ವಯಸ್ಸಿನ ಬಗ್ಗೆ ಎಚ್ಚರ. ಆಧಾರ್‌ನಲ್ಲಿ ಜನವರಿ 1 ಅಂತ ಅಂದಾಜಿನ ಹುಟ್ಟಿದ ದಿನ ಹಾಕಿಸಿದವರು ನಮ್ಮ ಕಡೆ ಎಷ್ಟು ಜನ! 35ರ ಬದಲು 40 ಅಂತ ಇದ್ದರೆ ಮೇಲಿನ ಲೆಕ್ಕದಲ್ಲೇ 1,08,276 ರೂ. ಕಡಿಮೆಯಾಗುತ್ತದೆ. ಊರಿನ ಶಾಲೆಯ ಟಿಸಿ ತರಿಸಿಕೊಳ್ಳಿ.

ಯಾರನ್ನು ಕೇಳಬೇಕು

ಕಾಂಟ್ರಾಕ್ಟರ್ ಫೋನ್ ಸ್ವಿಚ್ ಆಫ್ ಮಾಡಿಕೊಂಡರೆ? ಕೆಲಸ ಮಾಡಿಸಿದ ಮುಖ್ಯ ಮಾಲೀಕರನ್ನೂ ಕೇಳಬಹುದು. ಬಿಲ್ಡರ್, ಐಟಿ ಪಾರ್ಕ್, ಹೋಟೆಲ್, ರೆಸಾರ್ಟ್ ಆದರೆ ಇದು ನೇರ. ಪರಿಹಾರ ಅವರು ಕೊಟ್ಟು ಆಮೇಲೆ ಕಾಂಟ್ರಾಕ್ಟರಿಂದ ವಸೂಲಿ ಮಾಡಿಕೊಳ್ಳಲಿ ಅಂತ ಕಾನೂನೇ ಹೇಳುತ್ತದೆ. ವಸತಿ ಸೊಸೈಟಿಯಾದರೆ "ನಮ್ಮದು ವ್ಯಾಪಾರವಲ್ಲ" ಅಂತ ತಕರಾರು ತೆಗೆಯುತ್ತಾರೆ. ತೆಗೆಯಲಿ. ಅರ್ಜಿಯಲ್ಲಿ ಕಾಂಟ್ರಾಕ್ಟರ್, ಸೊಸೈಟಿ, ಇನ್ಶೂರೆನ್ಸ್ ಕಂಪನಿ ಇದ್ದರೆ ಅದು, ಎಲ್ಲರನ್ನೂ ಎದುರುದಾರರನ್ನಾಗಿ ಹಾಕಿ. ಕಾಂಟ್ರಾಕ್ಟರ್ ಹತ್ತಿರ ಕಾರ್ಮಿಕರ ಪರಿಹಾರದ ಪಾಲಿಸಿ ಇದ್ದರೆ ಅದರ ನಂಬರ್ ಸೊಸೈಟಿ ಆಫೀಸಿನ ಗುತ್ತಿಗೆ ಫೈಲಿನಲ್ಲಿ ಇರುವ ಸಾಧ್ಯತೆ ಜಾಸ್ತಿ. ಇದನ್ನು ಓದುತ್ತಿರುವವರು ಸೊಸೈಟಿ ಕಮಿಟಿಯಲ್ಲಿ ಇದ್ದರೆ, ಆ ಪಾಲಿಸಿ ಕಾಪಿ ನೋಡದೆ ಯಾರನ್ನೂ ಮರ ಹತ್ತಿಸಬೇಡಿ.

ನೋಟಿಸ್ ಬರೆಯಿರಿ

ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ ಅಂದುಕೊಳ್ಳಿ. ಹೆಸರು, ವಿಳಾಸ, ಅಪಘಾತದ ತಾರೀಕು, ಜಾಗ, ಹೇಗಾಯಿತು, ಏನು ಪೆಟ್ಟು. ಒಂದು ಪುಟ ಸಾಕು. ಮರಾಠಿ, ಹಿಂದಿ, ಯಾವುದರಲ್ಲಾದರೂ ಬರೆಸಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅದರ ಫೋಟೋವನ್ನು ವಾಟ್ಸಾಪಿನಲ್ಲೂ ಹಾಕಿ, ನೀಲಿ ಗೆರೆ ಬಂದ ಸ್ಕ್ರೀನ್‌ಶಾಟ್ ತೆಗೆಯಿರಿ.

ನೋಟಿಸ್ ಮುಟ್ಟಿದ ಮೂರು ದಿನದೊಳಗೆ ಮಾಲೀಕರು ತಮ್ಮ ಖರ್ಚಿನಲ್ಲಿ ಡಾಕ್ಟರ ತಪಾಸಣೆಗೆ ಕರೆದರೆ ಹೋಗಬೇಕು. ಬೇಡ ಅಂದರೆ ಪರಿಹಾರ ತಡೆಹಿಡಿಯಬಹುದು. ಆ ತಪಾಸಣೆ ಆಗದೆ ಊರಿಗೆ ಹೊರಟುಹೋದರೂ ಅದೇ ಕಥೆ. ಪೆಟ್ಟಾದಾಗ ಅಮ್ಮನ ಹತ್ತಿರ ಹೋಗಿ ಮಲಗಬೇಕು ಅನಿಸುವುದು ಸಹಜ. ಹೋಗಿ, ಆದರೆ ಹೋಗುವ ಮುಂಚೆ ಎಲ್ಲಿರುತ್ತೇನೆ ಅಂತ ಬರವಣಿಗೆಯಲ್ಲಿ ತಿಳಿಸಿ ಹೋಗಿ. ಅಲ್ಲಿನ ಆಸ್ಪತ್ರೆಯ ಕಾಗದಗಳನ್ನೂ ಇಟ್ಟುಕೊಳ್ಳಿ.

ಕೊಡಬೇಕಾದ ಹಣವನ್ನು ಒಂದು ತಿಂಗಳಲ್ಲಿ ಕೊಡದಿದ್ದರೆ ವರ್ಷಕ್ಕೆ ಶೇ 12 ಬಡ್ಡಿ. ಸರಿಯಾದ ಕಾರಣ ಇಲ್ಲದೆ ಎಳೆದರೆ ಪರಿಹಾರದ ಅರ್ಧದವರೆಗೆ ದಂಡವೂ ಬೀಳಬಹುದು. ಮೇಲೆ ಹೇಳಿದ ಹೆಬ್ಬೆರಳಿನ ಮೊತ್ತಕ್ಕೆ ವರ್ಷದ ಬಡ್ಡಿಯೇ 59,000 ರೂಪಾಯಿ ದಾಟುತ್ತದೆ.

ರಾಜಿ ಕಾಗದ

"ಫುಲ್ ಅಂಡ್ ಫೈನಲ್" ಅಂತ ಟೈಪ್ ಮಾಡಿದ ಸ್ಟ್ಯಾಂಪ್ ಪೇಪರ್ ತರುತ್ತಾರೆ. ಓದಲು ಬಾರದ ಭಾಷೆಯ ಕಾಗದಕ್ಕೆ, ಖಾಲಿ ಕಾಗದಕ್ಕೆ ಸಹಿ, ಹೆಬ್ಬೆಟ್ಟು ಹಾಕಬೇಡಿ. ಈಗಾಗಲೇ ಹಾಕಿದ್ದರೂ ಎದೆಗುಂದಬೇಡಿ. ಪರಿಹಾರದ ಹಕ್ಕು ಬಿಟ್ಟುಕೊಡುತ್ತೇನೆ ಅಂತ ಬರೆದ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ರಾಜಿ ಆಗುವುದೇ ಆದರೆ ಅದನ್ನು ಪರಿಹಾರ ಕಮಿಷನರ್ (ಪರಿಹಾರದ ಕೇಸ್ ನೋಡುವ ಅಧಿಕಾರಿ) ಮುಂದೆ ನೋಂದಾಯಿಸಬೇಕು. ಮೊತ್ತ ತೀರಾ ಕಡಿಮೆ, ಮೋಸ ನಡೆದಿದೆ ಅನಿಸಿದರೆ ಅವರು ನೋಂದಣಿಗೆ ಒಪ್ಪದೆ ಇರಬಹುದು.

ನೆಟ್ಟಗೆ ನಡೆದುಕೊಳ್ಳುವ ಕಾಂಟ್ರಾಕ್ಟರುಗಳೂ ಇದ್ದಾರೆ. ಅವರಿಗೆ ಈ ನೋಂದಣಿಯಿಂದ ಲಾಭವೇ, ನಾಳೆ ಮತ್ತೆ ಯಾರೂ ಕೇಳುವುದಿಲ್ಲ. ಹಾಗೆ ಹೇಳಿ ಒಪ್ಪಿಸಿ.

ಅರ್ಜಿ ಎಲ್ಲಿ ಹಾಕಬೇಕು

ಅಪಘಾತದ ದಿನದಿಂದ ಎರಡು ವರ್ಷದ ಒಳಗೆ. ತಕ್ಕ ಕಾರಣ ಇದ್ದರೆ ತಡವನ್ನು ಮನ್ನಿಸಬಹುದು, ಆದರೆ ಅದನ್ನು ನಂಬಿ ಕೂರಬೇಡಿ.

ಮಹಾರಾಷ್ಟ್ರದಲ್ಲಿ ಕಾರ್ಮಿಕ ನ್ಯಾಯಾಲಯದ ನ್ಯಾಯಾಧೀಶರೇ ಪರಿಹಾರ ಕಮಿಷನರ್ ಆಗಿ ಕೆಲಸ ಮಾಡುತ್ತಾ ಬಂದಿದ್ದಾರೆ. ಹೊಸ ಸಂಹಿತೆಯಲ್ಲಿ ಇವರಿಗೆ ಸಕ್ಷಮ ಪ್ರಾಧಿಕಾರಿ ಅಂತ ಹೆಸರು. ವಿಚಾರಿಸಲು ಪುಣೆಯಲ್ಲಿ ವಾಕಡೇವಾಡಿಯ ಕಾರ್ಮಿಕ ಇಲಾಖೆ ಕಚೇರಿ, ಮುಂಬೈಯಲ್ಲಿ ಬಾಂದ್ರಾ ಪೂರ್ವದ ಕಾಮಗಾರ್ ಭವನ, ಗೋವಾದಲ್ಲಿ ಪಣಜಿ ಪಾಟ್ಟೋದ ಶ್ರಮ ಶಕ್ತಿ ಭವನಕ್ಕೆ ಹೋಗಿ.

ಆದರೆ ಬಹಳ ಜನರಿಗೆ ಗೊತ್ತಿಲ್ಲದ ಒಂದು ಅನುಕೂಲ ಇದೆ. ಅಪಘಾತ ಪುಣೆಯಲ್ಲಿ ಆಗಿದ್ದರೂ ಅರ್ಜಿಯನ್ನು ನೀವು ವಾಸ ಇರುವ ಜಿಲ್ಲೆಯಲ್ಲಿ ಹಾಕಬಹುದು. ಸತ್ತವರ ಕುಟುಂಬ ಊರಲ್ಲಿದ್ದರೆ ಅವರೂ ಅಲ್ಲೇ ಹಾಕಬಹುದು. ಅಂದರೆ ಪ್ರತಿ ತಾರೀಕಿಗೂ ಯಾದಗಿರಿಯಿಂದ ಪುಣೆಗೆ ರೈಲು ಹತ್ತಬೇಕಿಲ್ಲ, ಕನ್ನಡದಲ್ಲೇ ಹೇಳಿಕೆ ಕೊಡಬಹುದು, ಕಾಂಟ್ರಾಕ್ಟರೇ ಬರಬೇಕು. ಇದಕ್ಕೆ ಬದಲಾಗಿ ಸಾಕ್ಷಿಗಳೆಲ್ಲ ಪುಣೆಯಲ್ಲೇ ಇದ್ದರೆ ಅವರನ್ನು ಊರಿಗೆ ಕರೆಸುವುದು ತಲೆನೋವು. ನನ್ನ ಕೇಳಿದರೆ, ಕೇಸ್ ಪೇಪರ್ ಮತ್ತು ಫೋನಿನ ಸಾಕ್ಷಿ ಗಟ್ಟಿಯಾಗಿದ್ದರೆ ಊರಲ್ಲೇ ಹಾಕಿ. ಕೆಲಸಕ್ಕೇ ಇರಲಿಲ್ಲ ಅಂತ ಅವರು ಹಟ ಹಿಡಿದಿದ್ದರೆ ಪುಣೆಯಲ್ಲಿ ಹಾಕಿ.

ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ. ಪುಣೆಯಲ್ಲಿ ಶಿವಾಜಿನಗರದ ಜಿಲ್ಲಾ ಕೋರ್ಟಿನಲ್ಲಿದೆ, ನಿಮ್ಮ ಜಿಲ್ಲಾ ಕೋರ್ಟಿನಲ್ಲೂ ಇರುತ್ತದೆ. ಸಹಾಯವಾಣಿ 15100. ಹೆಂಗಸರು, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟು ಅಂತಲೂ ಕೇಳುವುದಿಲ್ಲ. ನೋಂದಾಯಿತ ಕಾರ್ಮಿಕ ಸಂಘದವರೂ ನಿಮ್ಮ ಪರ ನಿಂತು ಮಾತಾಡಬಹುದು. ಬಂದ ಹಣದಲ್ಲಿ ಇಷ್ಟು ಪರ್ಸೆಂಟ್ ಕೊಡು ಅನ್ನುವ ವಕೀಲರಿಂದ ದೂರ ಇರಿ, ಹಾಗೆ ಪಾಲು ಕೇಳುವುದು ಬಾರ್ ಕೌನ್ಸಿಲ್ ನಿಯಮಕ್ಕೇ ವಿರುದ್ಧ.

ಸಾವಾದರೆ

ಪೋಸ್ಟ್‌ಮಾರ್ಟಂ ಬೇಡ ಅನ್ನಬೇಡಿ. ಕಷ್ಟದ ಮಾತು, ಗೊತ್ತು. ದೇಹವನ್ನು ಬೇಗ ಊರಿಗೆ ಕಳಿಸುತ್ತೇವೆ, ಆಂಬುಲೆನ್ಸ್ ನಾವೇ ಮಾಡಿಸುತ್ತೇವೆ ಅಂತ ಒತ್ತಾಯ ಮಾಡುವವರು ಇರುತ್ತಾರೆ. ಪೋಸ್ಟ್‌ಮಾರ್ಟಂ ವರದಿ, ಪಂಚನಾಮೆ ಇಲ್ಲದಿದ್ದರೆ ಸಾವು ಹೇಗಾಯಿತು ಅಂತ ತೋರಿಸುವುದು ತುಂಬಾ ಕಷ್ಟ. ಪರಿಹಾರದ ಹಣವನ್ನು ಮಾಲೀಕರು ಕಮಿಷನರ್ ಹತ್ತಿರ ಕಟ್ಟಬೇಕು, ಅಲ್ಲಿಂದ ಹೆಂಡತಿ, ಮಕ್ಕಳು, ಅವಲಂಬಿತ ತಂದೆತಾಯಿಗೆ ಹಂಚಿಕೆಯಾಗುತ್ತದೆ. ತಿಥಿಯ ದಿನ ಮನೆಗೆ ಬಂದು ಯಾರದೋ ಕೈಗೆ ಕೊಟ್ಟ ಲಕ್ಷ ರೂಪಾಯಿ ಪರಿಹಾರ ಕೊಟ್ಟಂತೆ ಆಗುವುದಿಲ್ಲ. ಮೂರು ತಿಂಗಳ ಸಂಬಳದಷ್ಟು ಮುಂಗಡ ಮಾತ್ರ ನೇರವಾಗಿ ಕೊಡಬಹುದು.

ಬ್ಯಾಂಕ್ ಪಾಸ್‌ಬುಕ್ ಕೂಡ ತೆಗೆದು ನೋಡಿ. ವರ್ಷಕ್ಕೆ 20 ರೂ. ಕಡಿತವಾಗುತ್ತಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. ಅಪಘಾತದಲ್ಲಿ ಸತ್ತರೆ 2 ಲಕ್ಷ, ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲು ಹೋದರೆ 1 ಲಕ್ಷ. ಮಾಲೀಕರ ಪರಿಹಾರಕ್ಕೂ ಇದಕ್ಕೂ ಸಂಬಂಧವಿಲ್ಲ, ಎರಡೂ ಸಿಗುತ್ತವೆ. ಖಾತೆ ಇದ್ದು ಇನ್ನೂ ಮಾಡಿಸಿಲ್ಲ ಅಂದರೆ, ವಯಸ್ಸು 18ರಿಂದ 70ರ ಒಳಗಿದ್ದರೆ, ಬ್ಯಾಂಕಿಗೆ ಹೋಗಿ ಒಂದು ಫಾರ್ಮ್ ತುಂಬಿ ಬನ್ನಿ.